ಎರಡನೆಯ ಪದ



ರಾಮದುರ್ಗದಲ್ಲಿರುವ ನನ್ನ ತಂಗಿಯ ಮಗ ಹೋದ ಯುಗಾದಿಗೆ ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದ. ಮಗ್ಗದ ಮನೆಯ ಹುಡುಗ. ಎರಡು ವರ್ಷದ ಕೆಳಗೆ ಅವನೊಂದು ರ‍್ಯಾಪ್ ಹಾಡು ಕಟ್ಟಿದ್ದ. ಅಪ್ಪನ ಮಗ್ಗದ ಸಪ್ಪಳವನ್ನೇ ತಾಳ ಮಾಡಿಕೊಂಡು, ಸೀರೆ ನೇಯುವವನಿಗೆ ಸಿಗುವ ಕೂಲಿಯೆಷ್ಟು, ಮಾರುವವನಿಗೆ ಉಳಿಯುವ ಲಾಭವೆಷ್ಟು ಎಂಬುದನ್ನು ನಮ್ಮ ಕಡೆಯ ಮಾತಿನಲ್ಲೇ ಉಸಿರು ಬಿಡದೆ ಲೆಕ್ಕ ಹಾಕಿ ಹೇಳಿದ್ದ. ಗೆಳೆಯನೊಬ್ಬ ಫೋನಿನಲ್ಲಿ ಚಿತ್ರ ಹಿಡಿದ. ಯೂಟ್ಯೂಬಿಗೆ ಬಿಟ್ಟರು. ಅದು ಓಡಿತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ಹೊತ್ತು ಸಾಲುಗಟ್ಟಿ ನಿಂತ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಲ್ಲಿ ಅದನ್ನು ನಾನೇ ಕೇಳಿದೆ. ನಮ್ಮ ಸೀಮೆಯಲ್ಲಿ ಒಂದು ಹಾಡು ಗೆದ್ದಿತು ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಆಗ ಮನೆಮಂದಿಯೆಲ್ಲ ಹಿಗ್ಗಿದೆವು. ತಂಗಿ ಮಾತ್ರ ಹಾಡು ಮುಗಿದ ಮೇಲೆ ಒಂದು ಮಾತು ಕೇಳಿದ್ದಳು: "ಹಾಡೇನೋ ಚಲೋ ಐತಿ. ಆದ್ರ ಅದ್ರಾಗ ಕಂಡಿಕಿ ಸುತ್ತಾಕಿ ಎಲ್ಲಿ ಅದಾಳ?" ಮಗ್ಗಕ್ಕೆ ದಾರದ ಕಂಡಿಕೆ ಸುತ್ತಿಕೊಡುವವಳು ಅವಳೇ. ಎಲ್ಲರೂ ನಕ್ಕು ಸುಮ್ಮನಾದೆವು.

ಎರಡನೆಯ ಹಾಡಿಗೆ ಹುಡುಗ ಎಂಟು ತಿಂಗಳು ಕೂತ. ಹುಬ್ಬಳ್ಳಿಯ ಸ್ಟುಡಿಯೋ, ಬಾಡಿಗೆಯ ಕ್ಯಾಮರಾ, ಕುಣಿಯುವ ಹುಡುಗರು, ಅವರಿಗೆ ಒಂದೇ ಬಣ್ಣದ ಅಂಗಿ, ನವಿಲುತೀರ್ಥದ ಆಣೆಕಟ್ಟಿನ ಹಿನ್ನೆಲೆ. ಸಾಲವೂ ಆಯಿತು. ಹಾಡು ಬಿಟ್ಟ ಮೇಲೆ ಅದು ಓಡಲಿಲ್ಲ, ಕುಂತಿತು. ಯುಗಾದಿಯ ದಿನ ಊಟ ಆದ ಮೇಲೆ ಕಟ್ಟೆಯ ಮೇಲೆ ಕೂತು ಕೇಳಿದ: "ಮಾಮಾ, ಮೊದಲನೇದರ ಕಾಲುಭಾಗ ಮಂದಿನೂ ನೋಡಿಲ್ಲ. ಹಾಡು ಕೆಟ್ಟ ಐತೇನು, ಖರೇ ಹೇಳ್ರಿ." ನಾನು ಎರಡು ಸಲ ಕೇಳಿದೆ. ಕೆಟ್ಟ ಹಾಡಾಗಿರಲಿಲ್ಲ. ಆದರೆ ಅವತ್ತು ಅವನಿಗೆ ಹೇಳಲು ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಈಗ ಇದ್ದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಈ ಪ್ರಶ್ನೆ ನನಗೆ ಹಳೆಯದು. ನಮ್ಮ ಕಾಕಾ ಬೈಲಹೊಂಗಲದ ಪೇಟೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಭಂಡಾರ–ಬಳೆಯ ಅಂಗಡಿಗಳ ನಡುವೆ ನಾವೂ ತಟ್ಟು ಕಟ್ಟಿಕೊಂಡು ಕೂಡುತ್ತಿದ್ದೆವು. ಒಂದು ಕಡೆ "ಉಧೋ ಉಧೋ" ಕೂಗು, ಚೌಡಿಕೆಯ ಸದ್ದು. ಇನ್ನೊಂದು ಕಡೆ ನಮ್ಮ ಡೆಕ್ಕಿನಿಂದ ಎಲ್ಲಮ್ಮನ ಹಾಡು. ಆ ತಟ್ಟಿನಲ್ಲಿ ಕೂತು ನಾನು ಕಲಿತದ್ದು ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಒಂದು ಕ್ಯಾಸೆಟ್ ಒಂದು ಜಾತ್ರೆಯಲ್ಲಿ ಓಡಿದರೆ ಮುಂದಿನ ಜಾತ್ರೆಗೆ ಅದರ 'ಭಾಗ 2' ಬಂದೇ ಬರುತ್ತಿತ್ತು. ಅದೇ ಗಾಯಕ, ಅದೇ ಫೋಟೋ, ಬಣ್ಣ ಮಾತ್ರ ಬೇರೆ. ಗಿರಾಕಿ ಬಂದು "ಭಾಗ 2 ಹಚ್ಚರಿ, ಕೇಳೂಣು" ಅನ್ನುವನು. ಎರಡು ನುಡಿ ಕೇಳುವನು. ಧಾಟಿ ಹಳೆಯದೇ ಆಗಿದ್ದರೆ "ಇದು ಅದ ಐತಲ್ರಿ" ಎಂದು ಇಟ್ಟು ಹೋಗುವನು. ಪೂರಾ ಹೊಸದಾಗಿದ್ದರೆ "ಇದು ಅದಲ್ಲಲ್ರಿ" ಎಂದು ಇಟ್ಟು ಹೋಗುವನು. ಎರಡೂ ಮಾತು ಒಬ್ಬನ ಬಾಯಿಂದಲೇ, ಒಂದೇ ಹೊತ್ತಿನಲ್ಲಿ ಕೇಳಿದ್ದೇನೆ. ಹಾಗೆ ಇಟ್ಟು ಹೋದವನು ಎಷ್ಟೋ ಸಲ ತಿರುಗಿ ಬಂದು, ಮನೆಯಲ್ಲಿದ್ದ ಭಾಗ 1 ಸವೆದಿದೆ ಎಂದು ಹೊಸದೊಂದು ಭಾಗ 1 ಒಯ್ಯುತ್ತಿದ್ದ. ಎರಡನೆಯದರಿಂದ ಮೊದಲನೆಯದರ ವ್ಯಾಪಾರ ಆಗುತ್ತಿತ್ತು. ಎರಡನೆಯ ಹಾಡಿನ ಕಷ್ಟ ಪೂರ್ತಿಯಾಗಿ ಈ ಎರಡು ಮಾತುಗಳ ನಡುವೆ ಇದೆ.

ಆ ಕಾಲದಲ್ಲಿ, 1990ರ ಹೊತ್ತಿಗೆ, ಹುಬ್ಬಳ್ಳಿಯ ಸಗಟು ವ್ಯಾಪಾರಿ ನಮ್ಮ ಡಬ್ಬಿಗೆ ಕಾಲೇಜು ಹುಡುಗರಿಗೆಂದು ಇಂಗ್ಲಿಷ್ ಕ್ಯಾಸೆಟ್ಟುಗಳನ್ನೂ ಸೇರಿಸಿ ಕಳಿಸುತ್ತಿದ್ದ. ಅದರಲ್ಲಿ ಎಂ.ಸಿ. ಹ್ಯಾಮರ್ ಎಂಬ ಅಮೆರಿಕದ ಗಾಯಕನದೊಂದು ಇತ್ತು. ಅಗಲವಾದ ಚೊಣ್ಣ ತೊಟ್ಟ ಚಿತ್ರ. ಭಾಷೆ ತಿಳಿಯದ ನನಗೂ ಅದರ ನಡೆ ಹಿಡಿಸಿತ್ತು. ಆ ಮನುಷ್ಯನ ಕಥೆ ಮಾತ್ರ ಬಹಳ ವರ್ಷದ ಮೇಲೆ ತಿಳಿಯಿತು. ತಂಗಿಯ ಮಗನಿಗೆ ಮೊದಲು ಹೇಳಬೇಕಾದದ್ದು ಅದೇ ಎಂದು ನನಗೆ ಅನಿಸುತ್ತದೆ.

ಅವನ ನಿಜವಾದ ಹೆಸರು ಸ್ಟ್ಯಾನ್ಲಿ ಬರೆಲ್. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಊರಿನ ಬಡವರ ಮಗ. ಅಲ್ಲಿಯ ಬೇಸ್‌ಬಾಲ್ ತಂಡದಲ್ಲಿ ದಾಂಡು ಎತ್ತಿಕೊಡುವ ಹುಡುಗನಾಗಿ ಬೆಳೆದವನು. ಆ ತಂಡದ ಇಬ್ಬರು ಆಟಗಾರರು ತಲಾ 20 ಸಾವಿರ ಡಾಲರ್ ಕೊಟ್ಟಿದ್ದರಿಂದ ಮೊದಲ ಧ್ವನಿಮುದ್ರಣ ಆಯಿತು. ಅದನ್ನು ತನ್ನ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಾನೇ ಮಾರಿದ. 1990ರಲ್ಲಿ ಬಂದ ಅವನ ಆಲ್ಬಮ್ಮಿನ ಕೆಲಸ ಬಹುಪಾಲು ನಡೆದದ್ದು ಊರೂರು ಸುತ್ತುವ ಬಸ್ಸಿನಲ್ಲಿ. ಅದರಲ್ಲಿ ಹೆಸರಾದ ಹಾಡು 'ಯು ಕಾಂಟ್ ಟಚ್ ದಿಸ್'. ಅದರ ಕೆಳಗಿನ ನಾದ ರಿಕ್ ಜೇಮ್ಸ್ ಎಂಬ ಇನ್ನೊಬ್ಬ ಗಾಯಕನ 1981ರ ಹಾಡಿನಿಂದ ಎತ್ತಿದ್ದು. ಅವನು ದಾವೆ ಹೂಡಿ ತನ್ನ ಪಾಲು ಪಡೆದ. ಆ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ 21 ವಾರ ಮೊದಲ ಸ್ಥಾನದಲ್ಲಿ ಕೂತಿತು. ಆ ದೇಶವೊಂದರಲ್ಲೇ ಒಂದು ಕೋಟಿ ಪ್ರತಿ ದಾಟಿದ ಮೊದಲ ರ‍್ಯಾಪ್ ಆಲ್ಬಮ್ ಅದು.

ಮಾರನೆಯ ವರ್ಷವೇ, 1991ರಲ್ಲಿ, ಮುಂದಿನದು ಬಂತು: 'ಟೂ ಲೆಜಿಟ್ ಟು ಕ್ವಿಟ್'. ಹೆಸರಿನ ಮುಂದಿದ್ದ ಎಂ.ಸಿ. ಎಂಬ ಎರಡಕ್ಷರ ತೆಗೆದು ಬರೀ ಹ್ಯಾಮರ್ ಎಂದು ಇಟ್ಟುಕೊಂಡಿದ್ದ. ಸಂಗೀತ ಇನ್ನೂ ದೊಡ್ಡದು, ಹಿಂದೆ ಹಾಡುವವರು ಇನ್ನೂ ಹೆಚ್ಚು, ವಿಡಿಯೋ ಆ ಕಾಲದ ಅತಿ ದುಬಾರಿ ವಿಡಿಯೋಗಳಲ್ಲಿ ಒಂದು. ಆ ಆಲ್ಬಮ್ಮಿಗೆ ಅಲ್ಲಿ 30 ಲಕ್ಷ ಪ್ರತಿಯ ಪ್ರಮಾಣಪತ್ರ ಸಿಕ್ಕಿತು.

ಕೇಳುಗರೇ, ಮೂವತ್ತು ಲಕ್ಷ! ಎಷ್ಟೋ ಗಾಯಕರಿಗೆ ಜನ್ಮಕ್ಕೆ ಸಾಕಾಗುವ ಲೆಕ್ಕ ಅದು. ಆದರೆ ಲೋಕ ಅದನ್ನು ಸೋಲು ಎಂದು ಬರೆಯಿತು. ಒಂದು ಕೋಟಿಯ ಪಕ್ಕದಲ್ಲಿಟ್ಟು ನೋಡಿದ್ದರಿಂದ ಅದು ಸೋಲಾಯಿತು. ಜೊತೆಗೆ ಇನ್ನೊಂದು ಸಂಗತಿಯಿದೆ, ನನಗೆ ಅದೇ ಮುಖ್ಯ. ಆ ಒಂದು ಕೋಟಿಯ ಆಲ್ಬಮ್ ಗೆದ್ದ ಮೇಲೆ ಹ್ಯಾಮರ್ ಮನೆ ದೊಡ್ಡದು ಕಟ್ಟಿಸಿದ, ಸುಮಾರು 200 ಜನರಿಗೆ ಕೆಲಸ ಕೊಟ್ಟ. ತನ್ನ ಕೇರಿಯ ಹುಡುಗರನ್ನು ಕರೆದು ಸಂಬಳಕ್ಕೆ ಇಟ್ಟುಕೊಂಡವನನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅಷ್ಟು ಜನರ ಅನ್ನ ಮುಂದಿನ ಆಲ್ಬಮ್ಮಿನ ಮೇಲೆ ಬಿತ್ತು. 1996ರಲ್ಲಿ ಅವನು ದಿವಾಳಿಯೆಂದು ನ್ಯಾಯಾಲಯಕ್ಕೆ ಹೋದಾಗ ಸಾಲ ಒಂದು ಕೋಟಿ 30 ಲಕ್ಷ ಡಾಲರಿನಷ್ಟಿತ್ತು. ಹಾಡು ಮಾರಿದ್ದು ಕಡಿಮೆಯೇನಲ್ಲ. ಅದು ಹೊತ್ತುಕೊಂಡ ಹೊರೆ ದೊಡ್ಡದಾಗಿತ್ತು. ನಮ್ಮ ಹುಡುಗನ ಬಾಡಿಗೆ ಕ್ಯಾಮರಾ, ಒಂದೇ ಬಣ್ಣದ ಅಂಗಿಗಳು ನನಗೆ ನೆನಪಾದದ್ದು ಇಲ್ಲಿಯೇ. ಮೊದಲನೆಯ ಹಾಡಿಗೆ ಅವನು ಖರ್ಚು ಮಾಡಿದ್ದು ಒಂದು ಫೋನಿನ ಚಾರ್ಜು.

ಇನ್ನು ನಮ್ಮ ನೆಲಕ್ಕೆ ಬರುತ್ತೇನೆ.

ರ‍್ಯಾಪ್ ಅಂದರೆ ಹೊರಗಿನದು, ಮೊನ್ನೆ ಮೊನ್ನೆ ಬಂದದ್ದು ಎಂದು ಹಿರಿಯರು ಅನ್ನುವುದನ್ನು ಕೇಳಿದ್ದೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವುದಾದರೂ ಹಳ್ಳಿಯ ಜಾತ್ರೆಯಲ್ಲಿ ಇಡೀ ರಾತ್ರಿ ಗೀಗೀ ಮೇಳ ಕೇಳಿದವರು ಹಾಗೆ ಅನ್ನಲಾರರು. ಒಂದು ಡಪ್ಪು, ಒಂದು ತುಂತುಣಿ, ಒಂದು ಜೋಡಿ ತಾಳ. ಮುಂದೆ ಹಾಡುವವರು ಒಬ್ಬರು, ಹಿಂದೆ ನಿಂತು "ಗೀಯ ಗೀಯ" ಎಂದು ಎತ್ತಿ ಹಿಡಿಯುವವರು ಇಬ್ಬರು. ಮೇಳ ಅಂದರೆ ಅಷ್ಟೇ. ಎದುರುಬದುರಾಗಿ ಹಾಡುವ ಎರಡೂ ಮೇಳ ಒಂದೇ ಜೀಪಿನಲ್ಲಿ ಹಿಡಿಸುತ್ತವೆ. ಒಂದು ಮೇಳ ಹರದೇಶಿ, ಶಿವನ ಪಕ್ಷ, ಗಂಡು ಹೆಚ್ಚು ಎಂದು ವಾದ ಹೂಡುವುದು. ಇನ್ನೊಂದು ನಾಗೇಶಿ, ಶಕ್ತಿಯ ಪಕ್ಷ, ಹೆಣ್ಣು ಹೆಚ್ಚು ಎನ್ನುವುದು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಪಲ್ಲದಿಂದ ಶುರುವಾಗಿ, ಚಾಲಿಗೆ ಬಂದು, ಏರಿನಲ್ಲಿ ಮಾತು ಎಷ್ಟು ಜೋರಾಗಿ ಉರುಳುತ್ತದೆಂದರೆ ಕೇಳುವವನ ಉಸಿರು ಕಟ್ಟುತ್ತದೆ. ಕೊನೆಗೆ ಕಟ್ಟಿದವನು ತನ್ನ ಊರು, ತನ್ನ ದೈವ, ತನ್ನ ಗುರುವಿನ ಹೆಸರನ್ನು ಪದದೊಳಗೆ ಹೊಸೆದು ಅಂಕಿತ ಹಾಕುತ್ತಾನೆ. ರ‍್ಯಾಪ್ ಹಾಡುವ ಹುಡುಗರು ನಡುನಡುವೆ ತಮ್ಮ ಹೆಸರು, ತಮ್ಮ ಓಣಿಯ ಹೆಸರು ಕೂಗುವುದಿಲ್ಲವೆ? ಅದೂ ಅಂಕಿತವೇ.

ಆ ಮೇಳದಲ್ಲಿ ಎರಡನೆಯ ಪದದ ಸ್ಥಾನ ಬೇರೆ. ಮೊದಲನೆಯ ಪದ ಗೆದ್ದಿತೆಂದು ಅದರ ಹಾಗೆಯೇ ಇನ್ನೊಂದು ಕಟ್ಟುವ ದಾರಿ ಅಲ್ಲಿ ಇಲ್ಲ. ನಡುವೆ ಎದುರಿನವರು ಏನೋ ಕೇಳಿಬಿಟ್ಟಿರುತ್ತಾರೆ. ಎರಡನೆಯ ಪದ ಅದಕ್ಕೆ ಜವಾಬು ಕೊಡಬೇಕು. ಕೊಡದೆ ತನ್ನ ಹಳೆಯ ಹಾಡಿನ ಗುಂಗಿನಲ್ಲೇ ಇದ್ದವನನ್ನು ಮಂದಿ ಅಲ್ಲೇ ಸೀಟಿ ಹೊಡೆದು ಕೂಡಿಸುತ್ತಾರೆ. ಇನ್ನು ವ್ಯಾಪಾರದ ಲೆಕ್ಕ ಅಂದರೆ, ಮುಂದಿನ ವರ್ಷದ ಜಾತ್ರೆಗೂ ಅದೇ ಮೇಳಕ್ಕೆ ವೀಳ್ಯ ಕೊಟ್ಟರೆ ಗೆದ್ದಂತೆ. ಎಷ್ಟು ಮಂದಿ ಕೇಳಿದರು ಎಂಬುದಕ್ಕಿಂತ, ಕೇಳಿದ ಮಂದಿ ಮತ್ತೆ ಕರೆಸಿದರೋ ಇಲ್ಲವೋ ಎಂಬುದು ಅಲ್ಲಿಯ ಅಳತೆ.

ನಮ್ಮ ಬೈಲಹೊಂಗಲದ್ದೇ ಒಂದು ದೊಡ್ಡ ಉದಾಹರಣೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರಿನಲ್ಲಿ ನಡೆದ ಒಂದು ಕೊಲೆ, ಸಂಗ್ಯಾ ಎಂಬವನ ಕೊಲೆ, ಮೊದಲು ಲಾವಣಿಯಾಯಿತು. ಶಾಸನಗಳ ವಿದ್ವಾಂಸರಾದ ಜೆ.ಎಫ್. ಫ್ಲೀಟ್ ಈ ಭಾಗದಲ್ಲಿ ಅಧಿಕಾರಿಯಾಗಿದ್ದಾಗ ಕನ್ನಡ ಲಾವಣಿಗಳನ್ನು ಬರೆಸಿಕೊಂಡು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಹಲಗಲಿ ಬೇಡರ ದಂಗೆಯದು, ಕಿತ್ತೂರಿನದು, ಸಂಗೊಳ್ಳಿ ರಾಯಣ್ಣನದು, ಸರಕಾರ ಹಾಕಿದ ವರಮಾನ ತೆರಿಗೆಯದು. ಇವುಗಳ ಜೊತೆಗೆ ಸಂಗ್ಯಾನದೂ ಸೇರಿತು. ಒಂದು ಸುದ್ದಿ ಹಾಡಾಗಿ ಊರೂರು ತಿರುಗಿದ್ದು ಹಾಗೆ. ತೆರಿಗೆಯ ಮೇಲೆ ಲಾವಣಿ ಕಟ್ಟಿದವರ ಮಕ್ಕಳು ನಾವು. ಕೂಲಿಯ ಲೆಕ್ಕವನ್ನು ರ‍್ಯಾಪ್ ಹಾಡಿದ ಹುಡುಗ ದಾರಿ ತಪ್ಪಿದವನಲ್ಲ.

ಸಂಗ್ಯಾನ ಲಾವಣಿಯಲ್ಲಿ ಕಥೆ ಮುಗಿದಿತ್ತು, ಅಪರಾಧವಾಯಿತು, ಸಾವಾಯಿತು. ಹಾಗಿದ್ದೂ ಅದು ಮುಂದೆ ಸಣ್ಣಾಟವಾಗಿ ಹುಟ್ಟಿತು, 'ಸಂಗ್ಯಾ ಬಾಳ್ಯಾ'. ಪತ್ತಾರ ಮಾಸ್ತರರ ಹೆಸರಿನಲ್ಲಿ ನಮ್ಮಲ್ಲಿ ಪ್ರಸಿದ್ಧವಾದ ಆಟ. ಅದೇ ಕೊಲೆ, ಅದೇ ಊರು. ಆದರೆ ಆಟದ ಹೆಸರಿನಲ್ಲೇ ಹೊಸ ಸವಾಲು ಬಂತು: ಬಾಳ್ಯಾ. ಗೆಳೆಯನಾದವನು ಗೆಳೆಯನನ್ನು ಹೇಗೆ ಕೈಬಿಟ್ಟ? ಗಂಗಿ ಎಂಬ ಹೆಣ್ಣಿನ ಮನಸ್ಸಿನಲ್ಲಿ ಏನು ನಡೆಯಿತು? ಲಾವಣಿಯಲ್ಲಿ ಹಾಡುವವನೊಬ್ಬನದೇ ದನಿ. ಆಟದಲ್ಲಿ ಗಂಗಿಯೇ ಬಂದು ರಂಗದ ಮೇಲೆ ನಿಂತಳು. ಚಂದ್ರಶೇಖರ ಕಂಬಾರರ ಕೈಯಿಂದ ಅದು ಓದುವವರಿಗೂ ಪಟ್ಟಣದ ರಂಗಭೂಮಿಗೂ ತಲುಪಿತು. ಲಾವಣಿ ಈಗ ವಿದ್ವಾಂಸರ ಪುಸ್ತಕದಲ್ಲಿದೆ, ಆಟ ಮಂದಿಯ ಬಾಯಲ್ಲಿದೆ. ಎರಡನೆಯದು ಮೊದಲನೆಯದನ್ನು ಮೀರಿದ ಇಂಥ ಇನ್ನೊಂದು ಸಂಗತಿ ನಮ್ಮ ನಾಡಿನಲ್ಲಿ ನನಗೆ ಕಾಣುವುದಿಲ್ಲ. ಗುಡ್ಡದ ತಟ್ಟಿನಲ್ಲಿ ಕೂತಿದ್ದಾಗ ಇದರ ಕ್ಯಾಸೆಟ್ಟನ್ನು ಎಷ್ಟು ಸಲ ಹಚ್ಚಿದ್ದೇನೋ! ಹೆಣ್ಣುಮಕ್ಕಳು ಗಂಗಿಯ ಮಾತು ಬಂದಲ್ಲಿ ಬುಟ್ಟಿ ಕೆಳಗಿಟ್ಟು ನಿಲ್ಲುತ್ತಿದ್ದರು.

ಈ ಕಾಲದ ಗಾಯಕರಲ್ಲಿ ಎರಡನೆಯ ಆಲ್ಬಮ್ಮಿನ ವಿಚಾರ ಬಂದಾಗ ನನಗೆ ನೆನಪಾಗುವವರು ರಘು ದೀಕ್ಷಿತ್. ಅವರದು ರ‍್ಯಾಪ್ ಅಲ್ಲ, ಜನಪದದ ಬೇರಿಗೆ ಗಿಟಾರ್ ಕಟ್ಟಿದ ಹಾಡು. 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಕಂಪನಿಯಿಂದ 'ಅಂತರಾಗ್ನಿ' ಬಂತು. ಅದರಲ್ಲಿ ಶಿಶುನಾಳ ಷರೀಫರ 'ಸೋರುತಿಹುದು ಮನೆಯ ಮಾಳಿಗಿ', 'ಗುಡುಗುಡಿಯ ಸೇದಿ ನೋಡೋ' ಇದ್ದವು. 2010ರಲ್ಲಿ ಬ್ರಿಟನ್ನಿನ ಟಿ.ವಿ.ಯಲ್ಲಿ ಜೂಲ್ಸ್ ಹಾಲಂಡ್ ಅವರ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಆ ಆಲ್ಬಮ್ ಅಲ್ಲಿಯ ಐಟ್ಯೂನ್ಸಿನ ವಿಶ್ವಸಂಗೀತ ಪಟ್ಟಿಯ ತುದಿಗೆ ಏರಿತು. 1819ರಲ್ಲಿ ಶಿಶುವಿನಹಾಳದಲ್ಲಿ ಹುಟ್ಟಿದ ಒಬ್ಬ ಸಂತನ ಪದ ಅಲ್ಲಿಯವರೆಗೆ ಹೋಯಿತು. ಅಂಥ ಗೆಲುವಿನ ಬೆನ್ನ ಮೇಲೆ ಮಾರನೆಯ ವರ್ಷವೇ ಇನ್ನೊಂದು ತರಲಿಲ್ಲ ಅವರು. ನಡುವೆ 'ಸೈಕೋ', 'ಜಸ್ಟ್ ಮಾತ್ ಮಾತಲ್ಲಿ' ಸಿನಿಮಾಗಳಿಗೆ ಸಂಗೀತ ಮಾಡಿದರು, ದೇಶ ದೇಶ ತಿರುಗಿ ಹಾಡಿದರು. ಎರಡನೆಯ ಆಲ್ಬಮ್ 'ಜಗ್ ಚಂಗಾ' ಬಂದದ್ದು 2013ರಲ್ಲಿ. ಎಂಟೇ ಹಾಡು, ಅದರಲ್ಲಿ ಮತ್ತೆ ಷರೀಫರ 'ಕೋಡಗನ ಕೋಳಿ ನುಂಗಿತ್ತ', 'ಲೋಕದ ಕಾಳಜಿ'. ಆ ಹೊತ್ತಿಗೆ ಕ್ಯಾಸೆಟ್ ಸತ್ತು ವರ್ಷಗಳಾಗಿದ್ದವು, ಸಿ.ಡಿ.ಯೂ ಕೊನೆಯುಸಿರು ಎಳೆಯುತ್ತಿತ್ತು. ಕಾಕಾನ ಅಂಗಡಿಯಲ್ಲಿ ಆಗಲೇ ಮೊಬೈಲಿಗೆ ರೀಚಾರ್ಜ್ ಹಾಕುತ್ತಿದ್ದರು. ಮಾರಾಟದ ಪಟ್ಟಿಯಿಂದ ಆ ಎರಡನೆಯ ಆಲ್ಬಮ್ಮನ್ನು ಅಳೆಯಲು ಹೊರಟರೆ ತಕ್ಕಡಿಯೇ ಇರಲಿಲ್ಲ. ವೀಳ್ಯದ ಅಳತೆಯಿಂದ ನೋಡಿದರೆ ಅದು ಸೋತಿಲ್ಲ. ಅವರನ್ನು ಜನ ಕರೆಸುತ್ತಲೇ ಇದ್ದಾರೆ, ಆ ಪದಗಳನ್ನು ಕೇಳುತ್ತಲೇ ಇದ್ದಾರೆ.

ಕನ್ನಡದ ರ‍್ಯಾಪಿನಲ್ಲಿ ಚಂದನ್ ಶೆಟ್ಟಿಯವರ 'ಮೂರೇ ಮೂರು ಪೆಗ್ಗಿಗೆ' ಮದುವೆಯ ಮೆರವಣಿಗೆಗಳನ್ನೆಲ್ಲ ಹಿಡಿದಿತ್ತು. 2020ರಲ್ಲಿ ಅವರು ಮಲೆ ಮಹದೇಶ್ವರನ ಜನಪದದ 'ಕೋಲುಮಂಡೆ' ಹಿಡಿದು ಹಾಡು ಮಾಡಿದರು. ಆ ಜನಪದದಲ್ಲಿ ಬರುವ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ನೊಂದರು. ಶೆಟ್ಟಿಯವರು ಕ್ಷಮೆ ಕೇಳಿದರು, ವಿಡಿಯೋ ಹಿಂದಕ್ಕೆ ಹೋಯಿತು. ಜನಪದದ ಪದಕ್ಕೆ ಕೈ ಹಾಕಿದರೆ ಅದರ ಹಿಂದೆ ಕೇಳುವವರು ಇದ್ದೇ ಇರುತ್ತಾರೆ, ಸವಾಲು ಹಾಕುತ್ತಾರೆ. ನಮ್ಮ ಹುಡುಗರು ಎಲ್ಲಮ್ಮನ ಹಾಡಿಗೆ ಡಿಜೆ ಹಚ್ಚುವಾಗ ಇದನ್ನು ಮರೆಯಬಾರದು ಎಂಬುದು ನನ್ನ ಕಳಕಳಿ.

ತಂಗಿಯ ಮಗನಿಗೆ ಈ ಮಾತೆಲ್ಲ ಹೇಳಲು ನಾನು ಹೋಗಲಿಲ್ಲ. ಹೋದ ಬೇಸಿಗೆಯಲ್ಲಿ ಸವದತ್ತಿ ತಾಲೂಕಿನ ಒಂದು ಹಳ್ಳಿಯ ಜಾತ್ರೆಗೆ ಅವನನ್ನು ಕರೆದುಕೊಂಡು ಹೋದೆ. ರಾತ್ರಿ ಹತ್ತಕ್ಕೆ ಮೇಳ ಶುರುವಾಯಿತು. ನಾಗೇಶಿ ಕಡೆಯ ಹಾಡಿಕೆಯಾಕೆ ನಡುವಯಸ್ಸಿನವಳು. ಆಕೆಯ ಒಂದು ಹಳೆಯ ಪದ ಈ ಭಾಗದಲ್ಲೆಲ್ಲ ಹೆಸರಾದದ್ದು. ಎರಡು ಗಂಟೆಯ ಹೊತ್ತಿಗೆ ಹುಡುಗರು ಅದನ್ನೇ ಹಾಡು ಎಂದು ಕೂಗತೊಡಗಿದರು. ಆಕೆ ಡಪ್ಪು ನಿಲ್ಲಿಸಿ, "ಹಾಡ್ತೀನ್ರೆಪಾ. ಆದ್ರ ಅಣ್ಣಾರು ಒಂದು ಮಾತು ಕೇಳ್ಯಾರಲ್ಲ, ಮೊದಲ ಅದಕ್ಕ ಜವಾಬು ಕೊಡೂದು ಬ್ಯಾಡೇನು?" ಅಂದಳು. ಹರದೇಶಿಯವನು ಕೇಳಿದ್ದು, ನೇಗಿಲು ಹಿಡಿದವನು ಗಂಡಸೇ ಅಲ್ಲವೆ ಎಂಬ ಸವಾಲು. ಆಕೆ ಬೀಜದ ಕಾಳು ಜೋಪಾನ ಮಾಡಿದವಳಿಂದ ಹಿಡಿದು, ಬುತ್ತಿ ಹೊತ್ತವಳು, ಕಳೆ ತೆಗೆದವಳು, ರಾಶಿ ತೂರಿದವಳು, ಹೀಗೆ ಒಬ್ಬೊಬ್ಬರನ್ನೇ ಕರೆದು ಕಣದಲ್ಲಿ ನಿಲ್ಲಿಸಿದಳು. ಏರಿಗೆ ಬಂದಾಗ ಕೂಗುತ್ತಿದ್ದ ಹುಡುಗರು ಬಾಯಿ ಮುಚ್ಚಿ ಮುಂದೆ ಸರಿದಿದ್ದರು. ಆ ಹಳೆಯ ಪದವನ್ನು ಆಮೇಲೆ ಯಾರೂ ಕೇಳಲಿಲ್ಲ. ನಸುಕಿನಲ್ಲಿ ಊರ ಹಿರಿಯರು ಎರಡೂ ಮೇಳಕ್ಕೆ ಮುಂದಿನ ವರ್ಷದ ವೀಳ್ಯ ಕೊಟ್ಟರು.

ಮೊದಲ ಬಸ್ಸಿಗೆ ಹೊರಟೆವು. ಹುಡುಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಮಲಪ್ರಭೆ ದಾಟುವಾಗ ಕೇಳಿದ:

"ಮಾಮಾ, ನನ್ನ ಮೊದಲನೇ ಹಾಡು ಕೇಳಿ ಅವ್ವ ಏನೋ ಅಂದಿದ್ಲಲ್ರಿ, ಏನದು?"

ಹೇಳಿದೆ.

ಮೊನ್ನೆ ತಂಗಿಯ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ತಂಗಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಅವಳ ಮೊಣಕಾಲಿನ ಹತ್ತಿರ ಒಂದು ಫೋನ್ ಮುಖ ಮೇಲಾಗಿ ಇತ್ತು. ನಾನು ಮಾತಾಡಿಸಲು ಬಾಯಿ ತೆರೆದರೆ ಹುಡುಗ ಒಳಗಿನಿಂದ ಓಡಿಬಂದು, ಸುಮ್ಮನಿರಿ ಎಂದು ತುಟಿಯ ಮೇಲೆ ಬೆರಳಿಟ್ಟ. ರಾಟೆ ತಿರುಗುತ್ತಿತ್ತು. ದಾರ ತುಂಡಾದಾಗ ಒಂದು ಕ್ಷಣ ನಿಲ್ಲುತ್ತಿತ್ತು, ತಂಗಿ ಗಂಟು ಹಾಕುತ್ತಿದ್ದಳು, ಮತ್ತೆ ತಿರುಗುತ್ತಿತ್ತು.